ಹಿತ್ತಾಳೆ ಗೆರೆ

ಎಷ್ಟು ಹೊಡೆದರೂ ಬೀಗ ಬಿಡಲಿಲ್ಲ. ಸಿದರಾಯ ಕೈಯಲ್ಲಿದ್ದ ಕಲ್ಲನ್ನು ಬಿಸಾಕಿ, ಬಚ್ಚಲ ಹತ್ತಿರ ಬಿದ್ದಿದ್ದ ಇನ್ನೂ ದೊಡ್ಡ ಕಲ್ಲನ್ನು ಎತ್ತಿಕೊಂಡು ಬಂದ. ಒಂದೊಂದು ಏಟಿಗೂ ತಗಡಿನ ಪತ್ರಾಸಿನ ಶೆಡ್ಡು ಇಡೀ ಓಣಿ ಕೇಳುವಂತೆ ಗಡಗಡ ಅನ್ನುತ್ತಿತ್ತು. ಅವನ ಬೆನ್ನ ಹಿಂದೆ, ಅಂಗಳದ ನಡುವೆ, ಚಾಪೆಯ ಮೇಲೆ ಅವನ ಅಣ್ಣ ದುರಗಪ್ಪನ ಹೆಣವಿತ್ತು.

"ಸಿದರಾಯ, ಜಳಕಾ ಮಾಡಸೋದೈತಿ. ಕಾಸಿದ ನೀರು ಆರಾಕತ್ತೇತಿ," ಎಂದ ಮಾಳಸಿದ್ದ. ಮಿರಜದ ರೈಲ್ವೆ ಶೆಡ್ಡಿನಲ್ಲಿ ದುರಗಪ್ಪನ ಜೊತೆ ಕೆಲಸ ಮಾಡಿದ ಮುದುಕ ಅವನು.

"ಆರಲಿ. ಬದುಕಿದ್ದಾಗ ಕುದಿಯೋ ನೀರು ಚೆಲ್ಲಿದಾಂವ. ಸತ್ತ ಮ್ಯಾಲೆ ಅವಂಗ ತಣ್ಣೀರು ಸಾಕು."

ಅಳುತ್ತಿದ್ದ ಹೆಂಗಸರು ಅವನ ಕಡೆ ತಿರುಗಿದರು. ದುರಗಪ್ಪನ ಹೆಂಡತಿ ಜನಾಬಾಯಿ ಹೆಣದ ತಲೆಯ ಹತ್ತಿರ ಕೂತಿದ್ದಳು. ಅವಳು ಬೆಳಗಿನಿಂದ ಅತ್ತಿರಲಿಲ್ಲ, ಈಗ ತಿರುಗಿಯೂ ನೋಡಲಿಲ್ಲ.

ಮಗ ಸುಧೀರ ಎದ್ದು ಹೋದ. ಅಥಣಿ ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಅವನು ನಸುಕಿನಲ್ಲಿ ಬಂದು ಮುಟ್ಟಿದ್ದ. "ಕಾಕಾ, ಕೀಲಿ ಒಳಗ ಐತಿ, ತಂದು ಕೊಡತೀನಿ. ಬೀಗ ಯಾಕ ಒಡೀತಿ?"

"ಕೀಲಿ ಕೊಟ್ರ ನೀ ಕರದಂಗ ಆಕ್ಕತಿ. ನನಗ ಈ ಮನ್ಯಾಗ ಯಾರೂ ಕರಿಯೂದು ಬ್ಯಾಡ."

"ಮದಲ ಮಣ್ಣಾಗಲಿ. ನಾಳಿ ನಾನ ಆ ಇಂಜಿನ್ನ ಗುಜರಿಗಿ ಹಾಕತೀನಿ."

"ನಾಳಿ ಅಲ್ಲ, ಈಗ. ಆ ಕಬ್ಬಿಣ ಒಡದ ಮ್ಯಾಲೆ ನನ್ನ ಹೆಗಲ. ಇಲ್ಲಂದ್ರ ನೀವ ನೀವ ಹೊತಗೊಂಡ ಹೋಗ್ರಿ."

ತ್ರಿಸರಣದ ಪ್ರಾರ್ಥನೆ ಹೇಳಿಸಲು ನಿಪ್ಪಾಣಿಯಿಂದ ಬಂದಿದ್ದ ಬೌದ್ಧಾಚಾರ್ಯರು ಕಟ್ಟೆಯ ಮೇಲೆ ಕೂತು ಗಡಿಯಾರ ನೋಡಿಕೊಂಡರು. ಮರಾಠಿಯಲ್ಲಿ ಏನೋ ಗೊಣಗಿದರು. ಅಣ್ಣತಮ್ಮಂದಿರ ಜಗಳ ಕುಡಚಿಯ ಆ ಓಣಿಗೆ ಹೊಸದಲ್ಲ. ಆದರೆ ಒಬ್ಬನೇ ಜಗಳಾಡುವುದನ್ನು ಜನ ಇವತ್ತೇ ನೋಡುತ್ತಿದ್ದರು.

ಕೊಂಡಿ ಕಿತ್ತುಬಂತು. ಸಿದರಾಯ ಒಳಗೆ ಹೋಗಿ ತಾಡಪಾಲು ಎಳೆದ. ಮಲಗಿದ ಕರುವಿನಷ್ಟು ದೊಡ್ಡ ಉಗಿ ಇಂಜಿನ್ನು ಕಿಟಕಿಯ ಬೆಳಕಿನಲ್ಲಿ ಕರ್ರಗೆ ಹೊಳೆಯಿತು. ಕೊಳವೆ, ಗಂಟೆ, ತಾಮ್ರದ ಪೈಪುಗಳು, ಊಟದ ತಾಟಿನಷ್ಟಗಲದ ಗಾಲಿಗಳು. ಕಿಲುಬು, ತುಕ್ಕು, ಜೇಡರ ಬಲೆ ಇರುತ್ತದೆಂದುಕೊಂಡಿದ್ದ ಸಿದರಾಯ ಒಂದು ಗಳಿಗೆ ನಿಂತುಬಿಟ್ಟ. ಯಾರೋ ಮೊನ್ನೆ ಮೊನ್ನೆ ಎಣ್ಣೆ ಹಚ್ಚಿ ಒರೆಸಿದ್ದರು.

"ಸುತ್ತಿಗಿ ಎಲ್ಲೈತಿ?" ಎಂದು ಕೂಗಿದ. "ದೊಡ್ಡದು."

*

ದುರಗಪ್ಪ ಮಿರಜದ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ಉಗಿ ಇಂಜಿನ್ನುಗಳು ನಿಂತುಹೋದ ಮೇಲೆ ಇಲಾಖೆ ಅವನನ್ನು ಕುಡಚಿ ಸ್ಟೇಷನ್ನಿಗೆ ಕಳಿಸಿತು. ಡೀಸೆಲ್ ಇಂಜಿನ್ನು ಬಂದು ನಿಂತರೆ ಮುಖ ತಿರುವುತ್ತಿದ್ದ. ಅದು ಉಸಿರಾಡುವುದಿಲ್ಲ, ಬರೇ ಕೆಮ್ಮುತ್ತದೆ ಎನ್ನುತ್ತಿದ್ದ. ಜನರ ಜೊತೆಗೂ ಅವನದು ಅದೇ ರೀತಿ. ಗಟಾರದ ನೀರಿಗಾಗಿ ನೆರೆಯವರ ಕೂಡ, ರಜೆಗಾಗಿ ಸಾಹೇಬರ ಕೂಡ, ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಕೂಡ. ದಿನಕ್ಕೆ ಯಾರ ಮೇಲಾದರೂ ಒಮ್ಮೆ ಹರಿಹಾಯದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಕೈ ಸುಮ್ಮನಿರಲಾರದೆ ಈ ಇಂಜಿನ್ನು ಕಟ್ಟಲು ಕೂತ. ತಾನು ಬಿಚ್ಚಿ ಜೋಡಿಸಿದ್ದ ದೊಡ್ಡ ಇಂಜಿನ್ನಿನ ಒಂದೊಂದು ಭಾಗವನ್ನೂ ನೆನಪಿನಿಂದ ಸಣ್ಣದು ಮಾಡಿದ. ಬಾಯ್ಲರಿಗೆ ತಾಮ್ರ ಸಾಲದೆ ಬಂದಾಗ ಜನಾಬಾಯಿಯ ತವರಿನ ಹಂಡೆಯನ್ನು ಕತ್ತರಿಸಿದ. ಅವಳು ತಲೆಬಾಗಿಲಲ್ಲಿ ನಿಂತು ನೋಡಿದಳು. ಆ ಮಳೆಗಾಲವಿಡೀ ಗಂಡನ ಜೊತೆ ಮಾತಾಡಲಿಲ್ಲ. ಅವನಿಗೆ ಅದು ಗಮನಕ್ಕೆ ಬಂದಂತೆಯೂ ಕಾಣಲಿಲ್ಲ. ಗಾಲಿಗಳನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯಿಸಿ ತಂದು, ತಾನೇ ತೂತು ಕೊರೆದು ಅಚ್ಚಿಗೆ ಬಡಿದು ಕೂಡಿಸಿದ.

2006ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬರ ಜಯಂತಿಯ ದಿನ, ಓಣಿಯ ಬಯಲಿನಲ್ಲಿ ದುಂಡಗೆ ಹಳಿ ಹಾಕಿ ಇಂಜಿನ್ನು ಓಡಿಸಿದ. ರಾಯಬಾಗ, ಐಗಳಿಯಿಂದಲೂ ಜನ ಬಂದಿದ್ದರು. ಹಿಂದಿನ ಡಬ್ಬಿಗಳಲ್ಲಿ ಮಕ್ಕಳು ಕೇಕೆ ಹಾಕುತ್ತಿದ್ದವು. ಇಂಜಿನ್ನು ನಡೆಸುತ್ತಿದ್ದ ಅವನ ಬೆನ್ನಿಗೆ ಅಂಟಿ ಕೂತವಳು ಸಿದರಾಯನ ಒಬ್ಬಳೇ ಮಗಳು ಸಾರಿಕಾ. ತಿರುವಿನಲ್ಲಿ ಮುಂದಿನ ಗಾಲಿ ಸೀಳಿತು. ಇಂಜಿನ್ನು ಮಗ್ಗುಲಾಯಿತು, ಪೈಪು ಕಿತ್ತಿತು, ಕುದಿಯುವ ನೀರು ಹುಡುಗಿಯ ಎಡಗಾಲ ಮೇಲೆ ಬಿತ್ತು.

ಮಿರಜದ ಆಸ್ಪತ್ರೆಯ ಪಡಸಾಲೆಯಲ್ಲಿ ಸಿದರಾಯ ಕಾಲೊಳಗಿನ ಚಪ್ಪಲಿ ತೆಗೆದು ಅಣ್ಣನ ಮುಖಕ್ಕೆ ಹೊಡೆದ. ಕಂಪೌಂಡರು, ರೋಗಿಗಳ ಕಡೆಯವರು, ಚಹಾ ತಂದ ಹೆಂಗಸು ಎಲ್ಲರೂ ನೋಡಿದರು. ದುರಗಪ್ಪ ಏನೋ ಹೇಳಲು ಬಾಯಿ ತೆರೆದಿದ್ದ. ಮುಚ್ಚಿಕೊಂಡ. ತಿರುಗಿ ಮೆಟ್ಟಿಲಿಳಿದು ಹೋದ. ಆ ದಿನದಿಂದ ಅಣ್ಣತಮ್ಮಂದಿರು ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯಲಿಲ್ಲ.

ಸಿದರಾಯ ರಾಯಬಾಗದ ಅಂಚೆ ಕಚೇರಿಯ ನೌಕರ. ಬಂದು ಹೋಗುವವರು ಬಹಳ. ಯಾರೇ ಬರಲಿ, ಚಹಾ ಕುಡಿದು ಮುಗಿಯುವ ಹೊತ್ತಿಗೆ ಅಣ್ಣನ ಮಾತು ಬರುತ್ತಿತ್ತು. ಆಮೇಲೆ ಕರೆ: "ಸಾರಿಕಾ, ಬಾ ಇಲ್ಲಿ. ಕಾಲು ತೋರಸು." ಹುಡುಗಿ ಬಂದು ಲಂಗ ಎತ್ತಿ ನಿಲ್ಲುತ್ತಿದ್ದಳು. ಬಂದವರು ಲೊಚಗುಟ್ಟುತ್ತಿದ್ದರು. ಹೈಸ್ಕೂಲಿಗೆ ಹೋದ ಮೇಲೂ ಕರೆದ, ಕಾಲೇಜಿಗೆ ಹೋದ ಮೇಲೂ ಕರೆದ.

*

ಸುತ್ತಿಗೆ ಸಿಕ್ಕಿತು. ಅದನ್ನು ಹಿಡಿದು ಸಿದರಾಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಹೆಂಡತಿ ನೀಲಮ, ಮಗಳು ಸಾರಿಕಾ ಅಂಗಳಕ್ಕೆ ಬಂದರು. ಸಾರಿಕಾ ಈಗ ಚಿಕ್ಕೋಡಿಯ ಒಂದು ಟ್ರ್ಯಾಕ್ಟರ್ ಅಂಗಡಿಯಲ್ಲಿ ಬಿಡಿಭಾಗಗಳ ಕೌಂಟರು ನೋಡುತ್ತಿದ್ದಳು. ಅವಳು ಯಾರ ಮುಖವನ್ನೂ ನೋಡದೆ ನೆಟ್ಟಗೆ ಹೆಣದ ಹತ್ತಿರ ಹೋಗಿ, ದೊಡ್ಡಪ್ಪನ ಪಾದ ಮುಟ್ಟಿ, ಜನಾಬಾಯಿಯ ಪಕ್ಕಕ್ಕೆ ಕೂತಳು. ಜನಾಬಾಯಿ ಅವಳ ಕೈ ಹಿಡಿದುಕೊಂಡಳು. ಹೊಸದಾಗಿ ಹಿಡಿದ ಕೈಯಂತೆ ಅದು ಕಾಣಲಿಲ್ಲ.

ಸಿದರಾಯ ಅದನ್ನು ನೋಡಿದ.

"ಎಲ್ಲಾರೂ ನನ್ನ ಹುಚ್ಚ ಅನಾಕತ್ತೀರಿ," ಎಂದ ಕೂಡಿದವರಿಗೆ. "ಹೆಣದ ಮುಂದ ಸುತ್ತಿಗಿ ಹಿಡದು ನಿಂತಾನ ಅಂತೀರಿ. ಯಾಕ ನಿಂತಾನ ನೋಡ್ರಿ. ಸಾರಿಕಾ, ಬಾ ಇಲ್ಲಿ. ಕಾಲು ತೋರಸು."

ಸಾರಿಕಾ ಏಳಲಿಲ್ಲ.

"ಕೇಳಲಿಲ್ಲೇನ ಬೇ?"

"ಕೇಳಿಸ್ತು. ತೋರಸೂದಿಲ್ಲ."

ನೀಲಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನಂದಿ?"

"ತೋರಸೂದಿಲ್ಲಂದೆ. ಸಂತಿ ಮಾಲ ಅಲ್ಲ ಅದು." ಸಾರಿಕಾ ಎದ್ದು ನಿಂತಳು. "ಒಡೀಬೇಕಂದ್ರ ಹೋಗಿ ಒಡಿ. ಮುಂದಿನ ಬಲಗಾಲಿ ಒಡಿ. ಅದರಾಗ ಒಂದು ಹಳದಿ ಗೆರಿ ಐತಿ. ಅದನ್ನ ಬೆಸದಾಕಿ ನಾನು."

*

ಅವಳು ಮೊದಲ ಸಲ ಈ ಮನೆಗೆ ಬಂದದ್ದು ಬೈಯಲಿಕ್ಕೆ.

ಆಗ ಕಾಲೇಜಿನ ಕೊನೆಯ ವರ್ಷ. ಹಿಂದಿನ ದಿನ ಅಪ್ಪ ಯಾರೋ ಗುರುತಿಲ್ಲದ ಇನ್ಸ್ಪೆಕ್ಟರನ ಮುಂದೆ ಅವಳನ್ನು ಕರೆದು ನಿಲ್ಲಿಸಿದ್ದ. ಮರುದಿನ ಕಾಲೇಜು ಬಿಟ್ಟು ಕುಡಚಿಯ ಬಸ್ಸು ಹತ್ತಿದಳು. ದುರಗಪ್ಪ ಶೆಡ್ಡಿನಲ್ಲಿ ಯಾರದೋ ಪಂಪಿನ ಭಾಗಕ್ಕೆ ಅರ ಹಾಕುತ್ತ ಕೂತಿದ್ದ.

"ಯಾರು?"

"ಸಾರಿಕಾ. ರಾಯಬಾಗದಾಕಿ."

ಅರ ನಿಲ್ಲಲಿಲ್ಲ. "ನಿಮ್ಮಪ್ಪ ಕಳಿಸ್ಯಾನೇನು?"

"ಇಲ್ಲ. ನಿನಗ ಬೈಯಾಕ ಬಂದೀನಿ."

"ಬೈ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಏನು ಮಾಡಬೇಕೋ ತಿಳಿಯದೆ ಅವಳ ಕೈ ರೂಢಿಯಂತೆ ಲಂಗದ ಅಂಚಿಗೆ ಹೋಯಿತು.

"ಕೆಳಗ ಬಿಡು," ಎಂದು ದುರಗಪ್ಪ ಗದರಿಸಿದ. "ನಾ ಅದನ್ನ ನೋಡೇನಿ. ಎಲ್ಲಾರಕಿಂತ ಮದಲ ನೋಡಿದಾಂವ ನಾನು." ಎದ್ದು ಹೋಗಿ ಅಟ್ಟದ ಮೇಲಿಂದ ಗೋಣಿ ಸುತ್ತಿದ ಒಂದು ಗಾಲಿ ತಂದು ಅವಳ ಮುಂದೆ ಇಟ್ಟ. ನಡುವಿನಿಂದ ಅಂಚಿನ ತನಕ ಸೀಳಿತ್ತು. "ನೀ ನೋಡದಿದ್ದದ್ದು ಇದು. ಅಚ್ಚಿಗಿ ಬಾಳ ಬಿಗಿ ಬಡದಿದ್ನಿ. ಆ ದಿನಾ ಮುಂಜಾನೆ ಒರಸೂಮುಂದ ಕೂದಲದಂಥಾ ಗೆರಿ ಕಂಡಿತ್ತು. ಜನಾ ಕೂಡಿತ್ತು. ಬ್ಯಾಡ ಅನ್ನಾಕ ಮನಸ ಆಗಲಿಲ್ಲ. ಓಡಿಸಿದೆ. ತಪ್ಪು ನಂದು."

"ಅಪ್ಪಗ ಇದನ್ನ ಯಾಕ ಹೇಳಲಿಲ್ಲ?"

"ಹೇಳಾಕ ಹೋಗಿದ್ನಿ. ಚಪ್ಲಿಲೆ ಹೊಡದಾ. ಮಾತು ಒಳಗ ಹೋತು." ಮತ್ತೆ ಅರ ಕೈಗೆತ್ತಿಕೊಂಡ. "ಇನ್ನ ಬೈಯೂದಿದ್ರ ಬೈದು ಹೋಗು. ನನಗ ಕೆಲಸ ಐತಿ."

ಅವಳು ಹೋಗಲಿಲ್ಲ. ಗಾಲಿಯ ಸೀಳಿನ ಮೇಲೆ ಬೆರಳಾಡಿಸುತ್ತ ಕೂತಳು. "ಇಷ್ಟ ವರ್ಷ ಇದನ್ನ ಬೆಸೀಲೂ ಇಲ್ಲ, ಒಗೀಲೂ ಇಲ್ಲ. ಯಾಕ ಇಟ್ಕೊಂಡೀ?" ಎಂದು ಕೇಳಿದಳು. ಅವನು ಅರ ಹಾಕುತ್ತಲೇ "ಬೀಡು ಬೆಸಿಯೂದು ಸರಳ ಅಲ್ಲ" ಎಂದಷ್ಟೇ ಅಂದ.

"ನನಗ ಕಲಸು."

ಹೀಗೆ ಶುರುವಾಯಿತು. ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ಎಂದು ಹೇಳಿ ಭಾನುವಾರಗಳಲ್ಲಿ ಬರುತ್ತಿದ್ದಳು. ದುರಗಪ್ಪನಿಗೆ ಕಲಿಸುವುದೆಂದರೆ ಬೈಯುವುದು. ಸೀಳು ಮುಂದೆ ಓಡದಂತೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆಯುವುದು, ಸೀಳಿನ ಉದ್ದಕ್ಕೂ ಕಾಲುವೆಯಂತೆ ತೋಡುವುದು, ಇಡೀ ಗಾಲಿಯನ್ನು ಇದ್ದಿಲ ಕೆಂಡದಲ್ಲಿ ಸಮನಾಗಿ ಕಾಯಿಸುವುದು, ಆಮೇಲೆ ಗ್ಯಾಸಿನ ಉರಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಆ ಕಾಲುವೆ ತುಂಬುವುದು. ಬೆಸೆದ ಮೇಲೆ ಬೂದಿಯಲ್ಲಿ ಹೂತಿಟ್ಟು ತಾನಾಗಿಯೇ ಆರಲು ಬಿಡಬೇಕು. ಬೀಡಿಗೆ ಅವಸರ ಆಗಿಬರುವುದಿಲ್ಲ.

ಮೊದಲ ಸಲ ಅವಳು ತಡೆಯಲಾರದೆ ಸಂಜೆಗೇ ಬೂದಿ ಕೆದರಿ ನೋಡಿದಳು. ಗಾಳಿ ತಾಗಿದ ಗಾಲಿ ಟಣ್ ಎಂದಿತು. ಬೆಸೆದದ್ದರ ಪಕ್ಕದಲ್ಲೇ ಹೊಸ ಬಿರುಕು.

"ಅದ ರಕ್ತ! ನಿಮ್ಮಪ್ಪನ ಮಗಳ ನೀ!" ಎಂದು ದುರಗಪ್ಪ ಕಿರುಚಿದ. "ಒಂದು ರಾತ್ರಿ ತಡಕೊಳ್ಳಾಕ ಆಗಲಿಲ್ಲ ನಿನಗ?"

"ನೀನೂ ತಡಕೊಳ್ಳಲಿಲ್ಲ! ಆ ದಿನಾ ನೀ ತಡಕೊಂಡಿದ್ರ ನನ್ನ ಕಾಲು ಸುಡತಿರಲಿಲ್ಲ!" ಎಂದು ಅವಳೂ ಕಿರುಚಿದಳು. ಕೈಗವಸು ಬಿಸಾಕಿ ಹೋದಳು. ಜನಾಬಾಯಿ ಒಲೆಯ ಮುಂದೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನಿಗೆ ಆ ಸಂಜೆ ಚಹಾ ಕೊಡಲಿಲ್ಲ.

ಮುಂದಿನ ಭಾನುವಾರ ಸಾರಿಕಾ ಮತ್ತೆ ಬಂದಳು. ಅವನು ಬಾ ಎನ್ನಲಿಲ್ಲ, ಆದರೆ ಇದ್ದಿಲು ಹೊತ್ತಿಸಿಟ್ಟಿದ್ದ. ಈ ಸಲ ಗಾಲಿ ಬೂದಿಯಲ್ಲಿ ಮರುದಿನದವರೆಗೂ ಇತ್ತು. ಎರಡೂ ಬಿರುಕು ಒಂದೇ ಹಳದಿ ಗೆರೆಯಾಗಿ ತುಂಬಿ ಕೂಡಿದ್ದವು.

ಒಂದು ಮಧ್ಯಾಹ್ನ ಇಂಜಿನ್ನಿಗೆ ನೀರು ತುಂಬಿ, ಬೆಂಕಿ ಹಾಕಿ, ಹಿತ್ತಿಲ ಗೋಡೆಯುದ್ದಕ್ಕೂ ಹಾಕಿದ ಹಳಿಯ ಮೇಲೆ ಓಡಿಸಿದರು. ಗಾಲಿ ತಡೆಯಿತು. ದುರಗಪ್ಪ ನಿಲ್ಲಿಸಿ, "ಕೂಡ್ತಿ ಏನು?" ಎಂದು ಕೇಳಿದ.

"ಇಲ್ಲ."

"ಬ್ಯಾಡ," ಎಂದ ಅವನು.

ಇಂಜಿನ್ನು ಮತ್ತೆ ಹೊರಟಿತು. ಅವಳು ಅದರ ಪಕ್ಕದಲ್ಲಿ ನಡೆಯುತ್ತ ಹೋದಳು.

*

ಸಿದರಾಯ ಮಗಳ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ. "ನಿನಗ ಗೊತ್ತಿತ್ತ?"

ನೀಲಮ ನೆಲ ನೋಡಿದಳು.

ಅವನು ಶೆಡ್ಡಿನೊಳಕ್ಕೆ ಹೋದ. ಯಾರೂ ತಡೆಯಲಿಲ್ಲ. ಮೊದಲ ಏಟು ಜಾರಿ ಪಕ್ಕದ ಸರಳಿಗೆ ಬಿತ್ತು. ಎರಡನೆಯದಕ್ಕೆ ಗಾಲಿ ಒಡೆಯಿತು. ಚೂರುಗಳು ಪತ್ರಾಸಿಗೆ ಬಡಿದ ಸಪ್ಪಳ ಅಂಗಳಕ್ಕೆ ಕೇಳಿತು. ಅವನು ಮತ್ತೆ ಎತ್ತಲಿಲ್ಲ. ಸುತ್ತಿಗೆ ಕೆಳಗಿಟ್ಟು ಏದುಸಿರು ಬಿಡುತ್ತ ನಿಂತ.

ಮಾಳಸಿದ್ದ ಒಳಗೆ ಹೋಗಿ ಬಗ್ಗಿ ಒಂದು ಚೂರು ಎತ್ತಿಕೊಂಡ. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹಿತ್ತಾಳೆ ಗೆರೆ ಅದರಲ್ಲಿ ಇದ್ದಂತೆಯೇ ಇತ್ತು. ಗಾಲಿ ಬೇರೆ ಕಡೆ ಒಡೆದಿತ್ತು. ಮುದುಕ ಚೂರನ್ನು ಸಾರಿಕಾಳ ಕೈಗೆ ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ.

"ಆತಲ್ಲ?" ಎಂದಳು ಜನಾಬಾಯಿ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ಅದು ನನ್ನ ಹಂಡೇನೂ ಹೌದು, ಸಿದರಾಯ. ಇನ್ನೊಂದು ಏಟು ಹಾಕಬ್ಯಾಡ. ಬಾ, ನಿಮ್ಮಣ್ಣಗ ನೀರು ಹಾಕು."

ಅವನು ಬಂದು ನೀರು ಹಾಕಿದ. ನೀರು ತಣ್ಣಗಾಗಿತ್ತು. ಬುದ್ಧಂ ಸರಣಂ ಎಂದು ಎಲ್ಲರೂ ಕೈಮುಗಿದಾಗ ಅವನ ತುಟಿ ಅಲುಗಲಿಲ್ಲ. ಆದರೆ ಹೆಣ ಎತ್ತುವಾಗ ಆಡಿದ ಮಾತಿಗೆ ತಪ್ಪದೆ ಮುಂದಿನ ಹೆಗಲು ಕೊಟ್ಟ. ಸುಧೀರ ಇನ್ನೊಂದು ಬದಿಗಿದ್ದ. ಕಾಕಾ-ಮಗ ಇಬ್ಬರೂ ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಗುಂಡಿಗೆ ಎಲ್ಲರೂ ಮಣ್ಣು ಹಾಕಿದರು. ಜನ ಚದುರತೊಡಗಿದಾಗ ಸಿದರಾಯ ಮಗಳ ಹಿಂದೆ ಹಿಂದೆ ನಡೆದು ಬಂದ. ಕಬ್ಬಿನ ಗದ್ದೆಯ ಬದುವಿನ ಮೇಲೆ ಇಬ್ಬರೇ ಆದಾಗ ಕೇಳಿದ.

"ಆ ಗಾಲಿ ವಿಷಯ ಏನಂದಿದ್ದ ಅಂವ ನಿನಗ?"

"ಗೆರಿ ಕಂಡಿತ್ತು, ಆದ್ರೂ ಓಡಿಸಿದೆ, ತಪ್ಪು ನಂದು ಅಂದ."

"ಯಾವಾಗ?"

"ನಾ ಮದಲ ಹೋದ ದಿನಾನ."

ಸಿದರಾಯ ನಿಂತುಬಿಟ್ಟ. ಕೈಗೆ ಹತ್ತಿದ ಮಣ್ಣನ್ನು ಉಜ್ಜಿದ, ಅದು ಹೋಗಲಿಲ್ಲ. "ಆ ಒಂದ ಮಾತಿಗೆ ನಾ ಇಷ್ಟ ವರ್ಷ ಕಾದೇನಿ. ನನಗ ಹೇಳಬೇಕಾಗಿತ್ತ ಅಂವ. ಮಂದಿ ಮುಂದ, ನನಗ."

"ಸುಟ್ಟದ್ದು ನನ್ನ ಕಾಲು, ಅಪ್ಪಾ."

"ನಿನ್ನ ಸಲುವಾಗೇ ನಾ..."

"ನನ್ನ ಸಲುವಾಗಿ ಅಲ್ಲ." ಅವಳೂ ನಿಂತಳು. "ನನ್ನ ಸಲುವಾಗಿ ಆಗಿದ್ರ ಒಂದ ಸಲಾನಾದ್ರೂ ಕೇಳತಿದ್ದಿ, ಲಂಗಾ ಎತ್ತಾಕ ನನಗ ಹೆಂಗ ಆಕ್ಕತಿ ಅಂತ. ದೊಡ್ಡಪ್ಪನೂ ಕೇಳಲಿಲ್ಲ, ಆದ್ರ ಲಂಗಾ ಕೆಳಗ ಬಿಡು ಅಂದ. ಅಷ್ಟ."

ಸಿದರಾಯನ ಕೈ ಮೇಲೆದ್ದಿತು. ಅವಳು ಕದಲಲಿಲ್ಲ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ಕೆಳಗಿಳಿಯಿತು.

"ರಾಯಬಾಗಕ್ಕ ಬರತೀಯೋ ಇಲ್ಲೋ?"

"ದೊಡ್ಡವ್ವನ ಕೂಡ ಇರತೀನಿ."

"ಎಷ್ಟ ದಿನಾ?"

ಅವಳು ಬದು ಇಳಿದು ಹೋದಳು.

ಸಂಜೆ ಕುಡಚಿಯ ಸ್ಟ್ಯಾಂಡಿನಲ್ಲಿ ರಾಯಬಾಗದ ಕ್ರೂಸರ್ ಜೀಪು ತುಂಬುತ್ತಿತ್ತು. ನೀಲಮ ಗಂಡನ ಹತ್ತಿರ ಕೂಡದೆ ಹಿಂದೆ ಹೆಂಗಸರ ನಡುವೆ ಜಾಗ ಮಾಡಿಕೊಂಡಳು. ಸಿದರಾಯ ನಡುವಿನ ಸೀಟಿನಲ್ಲಿ ಕಿಟಕಿಯ ಕಡೆ ಕೂತು, ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕಕ್ಕೆ ಹಾಸಿದ. ಬದನೆಕಾಯಿ ಚೀಲ ಹಿಡಿದ ಒಬ್ಬ ರೈತ ಒಳಗೆ ತೂರಿ ಬಂದ.

"ಸರೀರಿ ಸ್ವಲ್ಪ."

"ಬರಾವ್ರ ಅದಾರ."

ಡ್ರೈವರ್ ಹಾರ್ನು ಹೊಡೆದ, ಊರಿನ ಹೆಸರು ಕೂಗಿದ, ಇನ್ನೊಂದೆರಡು ಜನರನ್ನು ಬಾಗಿಲಿಗೆ ನೇತುಹಾಕಿಕೊಂಡು ಗಾಡಿ ಬಿಟ್ಟ. ಸ್ಟೇಷನ್ನು ಹಿಂದಾಯಿತು, ಅಂಗಡಿಸಾಲು ಮುಗಿಯಿತು, ಎರಡೂ ಕಡೆ ಕಬ್ಬು ಬಂತು. ರೈತ ಛಾವಣಿಗೆ ತಲೆ ತಾಗಿಸಿಕೊಂಡು ಬಗ್ಗಿ ನಿಂತಿದ್ದ. ಗಾಡಿ ತಗ್ಗಿಗೆ ಬಿದ್ದಾಗೊಮ್ಮೆ ಚೀಲ ಸಿದರಾಯನ ಮೊಣಕಾಲಿಗೆ ಬಡಿಯುತ್ತಿತ್ತು.

"ಏನ್ರಿ ಯಜಮಾನ್ರ, ನಿಮ್ಮವ್ರು ಹೊಲದಾಗ ಹತ್ತತಾರೇನು?" ಎಂದ ರೈತ ಸಿಟ್ಟಿನಿಂದ. ಹಿಂದೆ ಯಾರೋ ನಕ್ಕರು. "ತಗೀರಿ ಟವೆಲ್ಲು."

ಸಿದರಾಯ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಣ್ಣು ಹತ್ತಿದ ಅಂಗೈಯನ್ನು ಟವೆಲ್ಲಿನ ಮೇಲೆ ಅಗಲವಾಗಿ ಊರಿ, ರಾಯಬಾಗದವರೆಗೂ ಹಾಗೆಯೇ ಕೂತ.